ತಾರಸಿಯ ಮೇಲೆ ಸೊಪ್ಪು–ತರಕಾರಿ: ಬೆಂಗಳೂರಿನ ಮನೆಗೆ ಕೈತೋಟದ ಕೈಪಿಡಿ

ಬೆಂಗಳೂರಿನ 30x40 ನಿವೇಶನದಲ್ಲಿ ಮನೆ ಎದ್ದ ಮೇಲೆ ನೆಲದಲ್ಲಿ ಉಳಿಯುವುದು ಒಂದು ಕಾರು ನಿಲ್ಲುವಷ್ಟು ಜಾಗ. ಅಲ್ಲಿಗೆ ಬಿಸಿಲೂ ಸರಿಯಾಗಿ ಬೀಳುವುದಿಲ್ಲ. ದಿನವಿಡೀ ಬಿಸಿಲು ಕಾಯುವ ಜಾಗವೆಂದರೆ ತಾರಸಿ ಒಂದೇ. ಅದರಲ್ಲಿ 100 ಚದರಡಿಯನ್ನು ತೋಟಕ್ಕೆ ಕೊಟ್ಟರೆ ನಾಲ್ಕು ಜನರ ಮನೆಗೆ ಬೇಕಾದ ಸೊಪ್ಪಿನ ಬಹುಪಾಲು, ಮೆಣಸಿನಕಾಯಿ, ಕರಿಬೇವು, ಕಾಲಕ್ಕೆ ತಕ್ಕಂತೆ ಟೊಮೆಟೊ, ಬದನೆ, ಬೆಂಡೆ ಸಿಗುತ್ತವೆ. ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ ಅಂಗಡಿಯಿಂದಲೇ ಬರಬೇಕು. ಇದನ್ನು ಮೊದಲೇ ಒಪ್ಪಿಕೊಂಡು ಹೊರಟರೆ ತೋಟ ಉಳಿಯುತ್ತದೆ. ಎಲ್ಲವನ್ನೂ ಬೆಳೆಯುತ್ತೇವೆಂದು ಒಂದೇ ವಾರದಲ್ಲಿ 50 ಕುಂಡ ತಂದಿಟ್ಟವರ ತಾರಸಿಯಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಒಣಗಿದ ಮಣ್ಣಷ್ಟೇ ಉಳಿದಿರುತ್ತದೆ.

ನಮ್ಮ ಸಲಹೆಯ ಕ್ರಮ ಇದು: ಮೊದಲು ಅಡುಗೆಮನೆಯ ಹಸಿಕಸದಿಂದ ಗೊಬ್ಬರ, ಆಮೇಲೆ ಸೊಪ್ಪು, ಅದು ಕೈಹತ್ತಿದ ಮೇಲೆ ತರಕಾರಿ. ಗೊಬ್ಬರ ಕೊಂಡು, ಮಣ್ಣು ಕೊಂಡು, ಸಸಿ ಕೊಂಡು ಬೆಳೆದ ಟೊಮೆಟೊ ಮಾರುಕಟ್ಟೆಯದಕ್ಕಿಂತ ದುಬಾರಿ ಬೀಳುತ್ತದೆ. ಮನೆಯ ಕಸ ಮನೆಯಲ್ಲೇ ಮಣ್ಣಾಗಿ, ಆ ಮಣ್ಣಿನಿಂದ ಊಟ ಬಂದಾಗಲೇ ಲೆಕ್ಕ ಸರಿಹೋಗುವುದು.

ಭಾರ ಮತ್ತು ನೀರು: ತಾರಸಿಯನ್ನು ಮೊದಲು ನೋಡಿ

ಜನ ಓಡಾಡುವ ಆರ್‌ಸಿಸಿ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875 ಹೇಳುವುದು ಇದನ್ನೇ. ಚದರಡಿಗೆ ಅದು 14 ಕಿಲೋ, ಅದರಲ್ಲಿ ಓಡಾಡುವವರ ತೂಕವೂ ಸೇರಿದೆ. ಈಗ ಮಣ್ಣಿನ ತೂಕ ನೋಡಿ. ಒಂದು ಚದರಡಿ ಜಾಗದಲ್ಲಿ ಒಂದಡಿ ಎತ್ತರಕ್ಕೆ ತುಂಬಿದ ಕೆಂಪುಮಣ್ಣು ಮಳೆಯಲ್ಲಿ ನೆನೆದರೆ 45 ಕಿಲೋ ದಾಟುತ್ತದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಬೆರೆಸಿದ ಹಗುರ ಮಿಶ್ರಣವೂ 25 ಕಿಲೋ ತೂಗುತ್ತದೆ. ಹಾಗಾಗಿ ಇಟ್ಟಿಗೆ ಕಟ್ಟಿ ತಾರಸಿ ತುಂಬ ಮಣ್ಣು ಸುರಿಯುವ ಯೋಚನೆ ಬೇಡ. ಗ್ರೋ ಬ್ಯಾಗು (ಗಿಡ ಬೆಳೆಸುವ ಚೀಲ), ಕ್ರೇಟುಗಳನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನ ಮೇಲೆ, ಅಂಚಿನ ಗೋಡೆಯ ಉದ್ದಕ್ಕೆ ಜೋಡಿಸಿ, ನಡುಭಾಗವನ್ನು ಓಡಾಡಲು ಬಿಡಿ. ದೊಡ್ಡ ಡ್ರಮ್ಮುಗಳ ಜಾಗ ಮೂಲೆಯ ಕಂಬಗಳ ಮೇಲೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಕಟ್ಟಿದ ಮದ್ರಾಸ್ ತಾರಸಿಯ ಹಳೆಯ ಮನೆಗಳಲ್ಲಿ, ಬಿರುಕು ಬಿಟ್ಟ ಅಥವಾ ಸೋರುವ ತಾರಸಿಗಳಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಏನನ್ನೂ ಇಡಬೇಡಿ.

ಕುಂಡವನ್ನು ನೇರವಾಗಿ ನೆಲದ ಮೇಲಿಟ್ಟರೆ ಅಡಿಯ ತೇವ ಆರುವುದೇ ಇಲ್ಲ. ತೂತಿನಿಂದ ಹೊರಬಂದ ಬೇರು ತಾರಸಿಯ ಬಿರುಕು ಹುಡುಕುತ್ತದೆ. ಎರಡು ಸಾಲು ಇಟ್ಟಿಗೆಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಇಟ್ಟು, ಕೆಳಗೆ ಕನಿಷ್ಠ 2 ಇಂಚು ಗಾಳಿಯಾಡಲು ಬಿಡಿ, ಪೊರಕೆ ಹೋಗುವಂತಿರಲಿ. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಕೋಕೋಪೀಟ್ ಹೋಗಿ ಪೈಪು ಕಟ್ಟಿಕೊಂಡರೆ ಒಂದು ದೊಡ್ಡ ಮಳೆಗೆ ತಾರಸಿಯೇ ಕೆರೆಯಾಗುತ್ತದೆ.

ಬಿಸಿಲನ್ನು ಅಂದಾಜು ಮಾಡಬೇಡಿ, ಅಳೆಯಿರಿ. ರಜೆಯ ದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ನೆರಳಿನ ಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತಿಸಿದರೆ ಸಾಕು. ಕಾಯಿ ಕೊಡುವ ಗಿಡಕ್ಕೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು, ಸೊಪ್ಪಿಗೆ 3–4 ಗಂಟೆ ನಡೆಯುತ್ತದೆ. ಒಂದು ಎಚ್ಚರಿಕೆ: ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. 10 ಅಡಿ ಎತ್ತರದ ಗೋಡೆಯ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ 7 ಅಡಿಗೂ ಹೆಚ್ಚು ಚಾಚುತ್ತದೆ. ಮೇ ತಿಂಗಳಲ್ಲಿ ಬಿಸಿಲು ಕಂಡ ಮೂಲೆ ಚಳಿಗಾಲದ ಟೊಮೆಟೊಗೆ ಒದಗದೆ ಹೋಗುವುದು ಹೀಗೆ. ಪಕ್ಕದ ಮನೆಯ ಮಹಡಿಯನ್ನೂ ನಿಮ್ಮದೇ ನೀರಿನ ಟ್ಯಾಂಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೀಜಕ್ಕಿಂತ ಮೊದಲು ಗೊಬ್ಬರ

ಬೀಜ ತರುವುದಕ್ಕೆ ಎರಡೂವರೆ ತಿಂಗಳು ಮುಂಚೆ ಗೊಬ್ಬರದ ಡ್ರಮ್ ಇಡಿ. ಮುಚ್ಚಳವಿರುವ 60 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ ಬೇಕು. ಸುತ್ತಲೂ 4 ಇಂಚಿಗೊಂದರಂತೆ 8–10 ಮಿ.ಮೀ. ತೂತು, ತಳದಲ್ಲಿ ಹತ್ತು ತೂತು ಕೊರೆಯಿಸಿ. ಇಟ್ಟಿಗೆಯ ಮೇಲಿಟ್ಟು ಕೆಳಗೊಂದು ತಟ್ಟೆ ಇಡಿ. ತೂತಿಗೆ ಒಳಗಿನಿಂದ ಹಳೆಯ ಸೊಳ್ಳೆಪರದೆ ತುಂಡು ಅಂಟಿಸಿದರೆ ನೊಣ ಕಡಿಮೆ. ತಳಕ್ಕೆ 3 ಇಂಚು ಒಣಗಿದ ಎಲೆ ಹರಡಿ ಶುರುಮಾಡಿ.

ದಿನದ ಹಸಿಕಸವನ್ನು ಒಂದಿಂಚಿನ ಚೂರು ಮಾಡಿ ಹಾಕಿ, ಅದರ ಎರಡರಷ್ಟು ಗಾತ್ರದ ಒಣ ಎಲೆಯಿಂದ ಮುಚ್ಚಿ. ಇಲ್ಲಿ ಅಳತೆ ತೂಕದ್ದಲ್ಲ, ಗಾತ್ರದ್ದು. ಒಣ ಎಲೆ ಸಿಗದಿದ್ದರೆ ಹಸಿಕಸದಷ್ಟೇ ಗಾತ್ರದ ಕೋಕೋಪೀಟ್ ಸಾಕು. ಮೊದಲ ವಾರ ಒಂದು ಲೋಟ ಹುಳಿ ಮಜ್ಜಿಗೆ, ಸಗಣಿ ಬಗ್ಗಡ ಅಥವಾ ಎರಡು ಹಿಡಿ ಹಳೆಯ ಗೊಬ್ಬರ ಹಾಕಿದರೆ ಕೊಳೆಯುವುದು ಬೇಗ ಆರಂಭವಾಗುತ್ತದೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ತಿರುವಿ. ಒಳಗೆ ಕೈಯಿಟ್ಟರೆ ಬೆಚ್ಚಗಿರಬೇಕು. ಒಂದು ಡ್ರಮ್ ಸುಮಾರು ಒಂದು ತಿಂಗಳಲ್ಲಿ ತುಂಬುತ್ತದೆ. ಆಗ ಅದನ್ನು ಮುಚ್ಚಿ 45 ದಿನ ಬಿಡಿ, ವಾರಕ್ಕೊಮ್ಮೆ ತಿರುವುವುದು ನಡೆಯಲಿ. ಅಷ್ಟರಲ್ಲಿ ಎರಡನೆಯದು ತುಂಬುತ್ತಿರುತ್ತದೆ. ಮೊದಲಿನದು ಸಿದ್ಧವಾಗುವ ಮುಂಚೆಯೇ ಎರಡನೆಯದು ತುಂಬಿದರೆ, ಮೊದಲಿನದನ್ನು ಗೋಣಿಚೀಲಕ್ಕೆ ತೋಡಿ ನೆರಳಿನಲ್ಲಿಟ್ಟು ಅಲ್ಲೇ ಮಾಗಲು ಬಿಡಿ. ಸಿದ್ಧವಾದ ಗೊಬ್ಬರ ಕಪ್ಪಾಗಿ, ಉದುರುದುರಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತದೆ. ಜರಡಿ ಹಿಡಿದು, ಉಳಿದ ದಪ್ಪ ಚೂರನ್ನು ಮುಂದಿನ ಡ್ರಮ್ಮಿಗೆ ಹಾಕಿ.

ಕೆಟ್ಟರೆ ಮೂಗೇ ಹೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಸಿಗುತ್ತಿಲ್ಲ: ಒಣ ಎಲೆ ಸೇರಿಸಿ, ತಿರುವಿ, ಎರಡು ದಿನ ಹೊಸ ಕಸ ಹಾಕಬೇಡಿ. ಮೂಗಿಗೆ ಘಾಟು ಹೊಡೆದರೆ ಹಸಿ ಹೆಚ್ಚಾಗಿ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತಿದೆ ಎಂದರ್ಥ, ಅದಕ್ಕೂ ಒಣ ಎಲೆಯೇ ಮದ್ದು. ಏನೂ ಕೊಳೆಯದೆ ಹಾಗೇ ಇದ್ದರೆ ತೇವ ಸಾಲದು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ತೊಟ್ಟಿಕ್ಕಿದರೆ ಹದ ಸರಿ. ದಪ್ಪ ಬೂದುಬಣ್ಣದ ಹುಳು ಕಂಡು ಗಾಬರಿಯಾಗಬೇಡಿ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಮಾಂಸ, ಮೂಳೆ, ಎಣ್ಣೆ ಪದಾರ್ಥ ಬೇಡ. ನಿಂಬೆ–ಕಿತ್ತಳೆ ಸಿಪ್ಪೆ ಸ್ವಲ್ಪವೇ ಇರಲಿ. ಉಳಿದ ಅನ್ನ ಒಂದು ಹಿಡಿಗಿಂತ ಹೆಚ್ಚಾದರೆ ಮುದ್ದೆಗಟ್ಟಿ ಗಬ್ಬು ನಾರುತ್ತದೆ, ಇಲಿಯನ್ನೂ ಕರೆಯುತ್ತದೆ.

ಒಣ ಎಲೆ ವರ್ಷಪೂರ್ತಿ ಸಿಗುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ ಮತ್ತಿತರ ಬೀದಿಮರಗಳು ಎಲೆ ಉದುರಿಸುವಾಗ ಐದಾರು ಗೋಣಿಚೀಲ ತುಂಬಿಟ್ಟುಕೊಳ್ಳಿ. ಆ ಎಲೆಯನ್ನು ಬೀದಿಯಲ್ಲಿ ರಾಶಿಮಾಡಿ ಸುಡುವುದನ್ನು ನೋಡಿದರೆ ಸಂಕಟವಾಗುತ್ತದೆ. ನಿಮ್ಮ ರಸ್ತೆ ಗುಡಿಸುವವರಿಗೆ ಖಾಲಿ ಚೀಲ ಕೊಟ್ಟು, ಪ್ರತಿಯಾಗಿ ಏನಾದರೂ ಕೊಟ್ಟು ಮಾತಾಡಿಕೊಂಡರೆ ಹೊಗೆಯೂ ತಪ್ಪುತ್ತದೆ, ಗೊಬ್ಬರಕ್ಕೂ ದಾರಿಯಾಗುತ್ತದೆ.

ಮಣ್ಣಿನ ಮಿಶ್ರಣ

ಕೆಂಪುಮಣ್ಣು, ಕೋಕೋಪೀಟ್, ಗೊಬ್ಬರ ಮೂರೂ ಸಮ ಗಾತ್ರ. 20 ಲೀಟರ್ ಹಿಡಿಯುವ ಒಂದು ಗ್ರೋ ಬ್ಯಾಗಿಗೆ (ಒಂದಡಿ ಅಗಲ, ಒಂದಡಿ ಎತ್ತರದ್ದು) ತಲಾ 6 ಲೀಟರ್ ಹಾಕಿ, 50 ಗ್ರಾಂ ಬೇವಿನ ಹಿಂಡಿ ಬೆರೆಸಿ. ಮನೆಯ ಗೊಬ್ಬರ ಸಾಲದಿದ್ದರೆ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಂಡು ಸರಿದೂಗಿಸಿ. ಹಸಿ ಸಗಣಿ ಬೇಡ, ಅದು ಬಿಸಿಯಾಗಿ ಬೇರು ಸುಡುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ. ಕಟ್ಟಡದ ಜಾಗದಿಂದ ತಂದ ಮಣ್ಣಿನಲ್ಲಿ ಸಿಮೆಂಟು, ಸುಣ್ಣ ಬೆರೆತಿರುತ್ತದೆ. ಅಲ್ಲಿ ಗಿಡದ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅಂಥ ಮಣ್ಣನ್ನು ಪುಕ್ಕಟೆ ಕೊಟ್ಟರೂ ಬಿಡಿ.

ಕೋಕೋಪೀಟನ್ನು ತೊಳೆಯದೆ ಬಳಸುವುದು ಹೊಸಬರು ಮಾಡುವ ದೊಡ್ಡ ತಪ್ಪು. 5 ಕಿಲೋದ ಇಟ್ಟಿಗೆ 25 ಲೀಟರ್ ನೀರಿನಲ್ಲಿ ನೆನೆದು 60 ಲೀಟರಿಗೂ ಹೆಚ್ಚಾಗಿ ಉಬ್ಬುತ್ತದೆ. ತೆಂಗಿನ ನಾರಿನಲ್ಲಿ ಉಪ್ಪಿನಂಶವಿರುವುದರಿಂದ ಆ ನೀರನ್ನು ಬಸಿದು, ಚಹಾದ ಬಣ್ಣ ತಿಳಿಯಾಗುವ ತನಕ ಮತ್ತೆರಡು ಸಲ ತೊಳೆಯಿರಿ. ಇಲ್ಲದಿದ್ದರೆ ಮೊಳಕೆ ಬಂದ ಸಸಿ ಎಲೆಯಂಚು ಕಂದಾಗಿ ನಿಂತುಬಿಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೋಕೋಪೀಟನ್ನು ಹುದುಗಿಸಿ ಹದಮಾಡುವ ವಿಧಾನ ರೂಪಿಸಿದೆ, ಬೇರಿಗೆ ನೆರವಾಗುವ ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಎಂಬ ಜೀವಾಣು ಮಿಶ್ರಣವನ್ನೂ ಹೊರತಂದಿದೆ. ಸಿಕ್ಕರೆ ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಮಿಶ್ರಣಕ್ಕೆ ಸೇರಿಸಿ.

ಬೆರೆಸಿದ ಮಣ್ಣನ್ನು ನೀರು ಚಿಮುಕಿಸಿ 10 ದಿನ ಇಟ್ಟು ಆಮೇಲೆ ಬಿತ್ತಿ. ಬೇವಿನ ಹಿಂಡಿ ಕೊಳೆಯಲು ಅಷ್ಟು ಸಮಯ ಬೇಕು. ಬ್ಯಾಗಿನ ಬಾಯಿಯಿಂದ 2 ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ಹಾಕಿದ ನೀರು ಅಂಚಿನಿಂದ ಹರಿದುಹೋಗುತ್ತದೆ.

ಸೊಪ್ಪು: ವಾರಕ್ಕೆ ಎರಡು ಕ್ರೇಟ್

ಮಾರುಕಟ್ಟೆಯಲ್ಲಿ ಟೊಮೆಟೊ ತುಂಬುವ ಹಳೆಯ ಪ್ಲಾಸ್ಟಿಕ್ ಕ್ರೇಟ್ ಸೊಪ್ಪಿಗೆ ಹೇಳಿ ಮಾಡಿಸಿದ್ದು: ಸುಮಾರು 2 ಅಡಿ ಉದ್ದ, ಒಂದೂಕಾಲು ಅಡಿ ಅಗಲ. ಒಳಗೆ ಶೇಡ್ ನೆಟ್ (ನೆರಳಿನ ಬಲೆ) ಇಲ್ಲವೇ ಹಳೆ ಅಕ್ಕಿಚೀಲ ಹಾಸಿ 6–7 ಇಂಚು ಮಣ್ಣು ತುಂಬಿ. ಇಂಥ ಒಂಬತ್ತು ಕ್ರೇಟ್ ಇಟ್ಟುಕೊಂಡು, ವಾರಕ್ಕೆ ಎರಡನ್ನು ಮಾತ್ರ ಬಿತ್ತಿ. ಹೆಚ್ಚಿನ ಸೊಪ್ಪು ಒಂದು ತಿಂಗಳಿನದಾದ್ದರಿಂದ ಕೊನೆಯ ಕ್ರೇಟ್ ಬಿತ್ತುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ. ಎಲ್ಲವನ್ನೂ ಒಂದೇ ಭಾನುವಾರ ಬಿತ್ತಿದರೆ ಒಂದು ವಾರ ನೆರೆಹೊರೆಗೆಲ್ಲ ಹಂಚುವಷ್ಟು, ಮುಂದಿನ ಮೂರು ವಾರ ಏನೂ ಇಲ್ಲ.

ಕಲಿಯಲು ಹರಿವೆಗಿಂತ ಒಳ್ಳೆಯ ಬೆಳೆ ಇಲ್ಲ. ಬೀಜ ಸಾಸಿವೆಗಿಂತ ಚಿಕ್ಕದು. ಕ್ರೇಟಿಗೆ ಅರ್ಧ ಟೀ ಚಮಚ ಬೀಜ, ಐದರಷ್ಟು ಒಣ ಮರಳಿನಲ್ಲಿ ಬೆರೆಸಿ ಉದುರಿಸಿ, ಮೇಲೆ ಕಾಣದಂತೆ ತೆಳ್ಳಗೆ ಗೊಬ್ಬರ ಜರಡಿ ಹಿಡಿಯಿರಿ. ಆಳಕ್ಕೆ ಹೋದರೆ ಹುಟ್ಟುವುದಿಲ್ಲ. ಮಗ್ಗಿನಿಂದ ನೀರು ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಓಡುತ್ತದೆ, ಮೊಳಕೆ ಬರುವ ತನಕ ಕೈಯಿಂದ ಚಿಮುಕಿಸಿ. 3–5 ದಿನಕ್ಕೆ ಮೊಳಕೆ. 12ನೇ ದಿನದಿಂದ ದಟ್ಟವಾದ ಕಡೆ ಕಿತ್ತು ತೆಗೆಯುತ್ತಾ ಬನ್ನಿ, ಕಿತ್ತದ್ದೇ ಮೊದಲ ಪಲ್ಯ. ಸುಮಾರು 30ನೇ ದಿನಕ್ಕೆ ಬುಡದಿಂದ 3–4 ಇಂಚು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಅರ್ಕಾ ಸುಗುಣ (ಹಸಿರು) ಮತ್ತು ಅರ್ಕಾ ಅರುಣಿಮ (ಕೆಂಪು) ಹಲವು ಸಲ ಕೊಯ್ಯಲೆಂದೇ ಹೆಸರಘಟ್ಟದಲ್ಲಿ ಬಿಡುಗಡೆಯಾದ ತಳಿಗಳು. ಎಲೆಯ ಅಡಿಯಲ್ಲಿ ಬಿಳಿ ಗುಳ್ಳೆ ಎದ್ದರೆ ಅದು ಬಿಳಿ ತುಕ್ಕು ರೋಗ. ಆ ಎಲೆ ಕಿತ್ತುಹಾಕಿ, ಸಂಜೆ ಎಲೆ ನೆನೆಯುವಂತೆ ನೀರು ಹಾಕುವುದನ್ನು ನಿಲ್ಲಿಸಿ. ದಂಟಿಗೂ ಇದೇ ಕ್ರಮ, ಆದರೆ ಗಿಡಕ್ಕೆ ಗಿಡ 4–5 ಇಂಚು ಅಂತರ, ಇನ್ನೆರಡು ವಾರ ಹೆಚ್ಚು ಸಮಯ.

ಮೆಂತ್ಯಕ್ಕೆ ಅಡುಗೆಮನೆಯ ಡಬ್ಬಿಯ ಕಾಳೇ ಸಾಕು. ರಾತ್ರಿ ನೆನೆಹಾಕಿ, ಕ್ರೇಟಿಗೆ ಎರಡು ದೊಡ್ಡ ಚಮಚದಂತೆ ಹರಡಿ, ಅರ್ಧ ಇಂಚು ಮಣ್ಣು ಮುಚ್ಚಿ. 25 ದಿನಕ್ಕೆ ಸಿದ್ಧ. ಎಳೆಯ ಸಸಿಗಳು ಬುಡ ಕೊಳೆತು ಮಲಗಿದರೆ ನೀರು ಹೆಚ್ಚಾಗಿದೆ. ಮಳೆಗಾಲದಲ್ಲಿ ಮೆಂತ್ಯದ ಕ್ರೇಟನ್ನು ಮಳೆ ಬೀಳದ ಕಡೆಗೆ ಸರಿಸಿ.

ಕೊತ್ತಂಬರಿ ಹುಟ್ಟುವುದೇ ಇಲ್ಲವೆಂದು ಬಹಳ ಜನ ಕೈಬಿಡುತ್ತಾರೆ. ಒಂದು ಧನಿಯಾ ಕಾಯಿಯಲ್ಲಿ ಎರಡು ಬೀಜ ಇರುತ್ತವೆ. ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಿ. ಆದರೂ ಮೊಳಕೆಗೆ 8–12 ದಿನ ಬೇಕು, ಆ ತನಕ ಮೇಲ್ಮಣ್ಣು ಒಮ್ಮೆಯೂ ಒಣಗಬಾರದು. ಅಂಗಡಿಯ ಧನಿಯಾ ಹಳೆಯದಿರಬಹುದು. ಮೊದಲು 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ, ಹತ್ತಕ್ಕಿಂತ ಕಡಿಮೆ ಮೊಳೆತರೆ ಬೇರೆ ತನ್ನಿ. ಏಪ್ರಿಲ್–ಮೇ ಬಿಸಿಲಿಗೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ, ಇಲ್ಲವೇ ಆ ಎರಡು ತಿಂಗಳು ಬಿಟ್ಟುಬಿಡಿ.

ಪಾಲಕ್ ಬೀಜವನ್ನು 12 ಗಂಟೆ ನೆನೆಸಿ, 4 ಇಂಚಿನ ಸಾಲಿನಲ್ಲಿ ಊರಿ. 35 ದಿನಕ್ಕೆ ಹೊರಗಿನ ಎಲೆ ಕೊಯ್ಯುತ್ತಾ, ನಡುವಿನ ಕುಡಿ ಉಳಿಸಿದರೆ ನಾಲ್ಕೈದು ಸಲ ಸಿಗುತ್ತದೆ. ಸಬ್ಬಸಿಗೆಗೆ ಇಷ್ಟು ಉಪಚಾರವೂ ಬೇಡ.

ಒಮ್ಮೆ ಹಾಕಿ ವರ್ಷಗಟ್ಟಲೆ ಕೊಯ್ಯುವ ಸೊಪ್ಪುಗಳಿಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ, ಏಕೆಂದರೆ ಊರಿಗೆ ಹೋಗಿ ಬಂದರೂ ಅವು ಸಾಯುವುದಿಲ್ಲ. ಬಸಳೆ, ಹೊನಗೊನ್ನೆ, ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ ಇವೆಲ್ಲ ತುಂಡು ನೆಟ್ಟರೆ ಬರುತ್ತವೆ. ಒಂದೆಲಗಕ್ಕೆ ಬೇರಿರುವ ಹಂಬು ಬೇಕು. ಅದು ಅಗಲ ತಟ್ಟೆಯಲ್ಲಿ, ಅರೆನೆರಳಲ್ಲಿ, ಸದಾ ತೇವದಲ್ಲಿ ಹಬ್ಬುತ್ತದೆ. ಚಕ್ರಮುನಿಯನ್ನು ಬೇಯಿಸಿ, ಮಿತವಾಗಿ ತಿನ್ನಿ. ಅದರ ಹಸಿ ರಸವನ್ನು ದಿನವೂ ಹೆಚ್ಚಾಗಿ ಕುಡಿದವರಿಗೆ ತೈವಾನಿನಲ್ಲಿ ಶ್ವಾಸಕೋಶಕ್ಕೆ ತೀವ್ರ ಹಾನಿಯಾದದ್ದು ದಾಖಲಾಗಿದೆ. ನುಗ್ಗೆಯನ್ನು 100 ಲೀಟರಿನ ಡ್ರಮ್ಮಿನಲ್ಲಿ ಸೊಪ್ಪಿಗಾಗಿಯೇ ಬೆಳೆಸಬಹುದು. 3 ಅಡಿ ಬಂದಾಗ ತುದಿ ಚಿವುಟಿ, ಆಮೇಲೆ ಬಂದ ಕವಲುಗಳನ್ನೂ ಒಂದೂವರೆ ಅಡಿಗೆ ಚಿವುಟುತ್ತಿದ್ದರೆ ಪೊದೆಯಾಗುತ್ತದೆ. ಕರಿಬೇವಿಗೂ ಚಿವುಟುವುದೇ ಮುಖ್ಯ. ಎಲೆ ಉದುರಿಸಿಕೊಳ್ಳದೆ ಕಡ್ಡಿಯ ತುದಿ ಸಮೇತ ಮುರಿದುಕೊಳ್ಳಿ, ಅಲ್ಲಿಂದ ಎರಡು ಕವಲು ಬರುತ್ತದೆ. ತಿಂಗಳಿಗೊಮ್ಮೆ ಒಂದು ಲೋಟ ಹುಳಿ ಮಜ್ಜಿಗೆಯನ್ನು ಹತ್ತರಷ್ಟು ನೀರಿನಲ್ಲಿ ಬೆರೆಸಿ ಬುಡಕ್ಕೆ ಹಾಕಿ.

ತರಕಾರಿ

ಬೆಂಗಳೂರಿನ ಹವೆಗೆ ಟೊಮೆಟೊ ಬಿತ್ತಲು ಒಳ್ಳೆಯ ಕಾಲ ಸೆಪ್ಟೆಂಬರ್–ಅಕ್ಟೋಬರ್. ಟ್ರೇಯಲ್ಲಿ ಬಿತ್ತಿ 25 ದಿನದ ಸಸಿಯನ್ನು 20 ಲೀಟರ್ ಬ್ಯಾಗಿಗೆ ಒಂದರಂತೆ, ಕಾಂಡದ ಮೂರನೇ ಒಂದು ಭಾಗ ಮಣ್ಣೊಳಗೆ ಹೋಗುವಂತೆ ಸಂಜೆ ಹೊತ್ತು ನೆಡಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ನೆಟ್ಟ ದಿನವೇ 5 ಅಡಿಯ ಕೋಲು ಊರಿ. ಆಮೇಲೆ ಊರಿದರೆ ಬೇರು ಹರಿಯುತ್ತದೆ. ಎತ್ತರ ಬೆಳೆಯುವ ತಳಿಯಾದರೆ ಎಲೆಯ ಕಂಕುಳಿನಿಂದ ಬರುವ ಕವಲುಗಳನ್ನು ಬೆರಳುದ್ದ ಆಗುವ ಮೊದಲೇ ಚಿವುಟಿ. ಹೂವಾದಾಗ ಬೆಳಿಗ್ಗೆ 9–11ರ ನಡುವೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಚೆನ್ನಾಗಿ ಕಟ್ಟುತ್ತದೆ.

ಕಾಯಿಯ ತಳ ಕಪ್ಪಾಗಿ ಒಳಗೆ ಕುಸಿದರೆ ಅದು ಹುಳುವಿನ ಕೆಲಸವಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವುದರಿಂದ ಸುಣ್ಣದ ಸತ್ವ ಕಾಯಿಗೆ ತಲುಪುವುದಿಲ್ಲ. ಮೊಟ್ಟೆಚಿಪ್ಪು ಸುರಿದರೆ ತಕ್ಷಣಕ್ಕೆ ಗುಣವಾಗದು, ನೀರು ಸಮವಾಗಿ ಕೊಟ್ಟರೆ ಮುಂದಿನ ಕಾಯಿಗಳು ಸರಿಯಾಗುತ್ತವೆ. ಎಲೆ ಮುದುಡಿ, ಸಣ್ಣದಾಗಿ, ಗಿಡ ಕುಳ್ಳಾದರೆ ಬಿಳಿನೊಣ ತಂದ ಎಲೆ ಮುದುಡು ನಂಜು. ಮದ್ದಿಲ್ಲ, ಕಿತ್ತು ಚೀಲದಲ್ಲಿ ಕಟ್ಟಿ ಹಾಕಿ. ಹೆಸರಘಟ್ಟದ ಅರ್ಕಾ ರಕ್ಷಕ್ ಹೈಬ್ರಿಡ್ ಈ ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ಮೊದಲ ಸಲ ಬೆಳೆಯುವವರಿಗೆ ಅದೇ ಇರಲಿ.

ಮೆಣಸಿನ ಗಿಡದಲ್ಲಿ ಎಲೆ ಯಾವ ಕಡೆ ಮುದುಡಿದೆ ಎಂದು ನೋಡಿ ಮದ್ದು ಮಾಡಬೇಕು. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ: ಬೇವಿನೆಣ್ಣೆ ಸಿಂಪಡಿಸಿ. ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ಮೈಟ್ ನುಸಿ: ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2–3 ಗ್ರಾಂ, ಸಂಜೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ.

ಬದನೆಗೆ ಒಂದೇ ದೊಡ್ಡ ಶತ್ರು, ಕುಡಿ ಮತ್ತು ಕಾಯಿ ಕೊರಕ. ಚಿಗುರಿನ ತುದಿ ಬಾಡಿ ಜೋತುಬಿದ್ದದ್ದು ಕಂಡ ದಿನವೇ ಒಂದಿಂಚು ಕೆಳಗೆ ಕತ್ತರಿಸಿ, ಒಳಗಿನ ಹುಳು ಸಮೇತ ನಾಶಮಾಡಿ. ಗಿಡದ ಬುಡಕ್ಕೆ ಬಿಟ್ಟರೆ ಕೆಲಸ ಕೆಟ್ಟಂತೆ. ಗಿಡ ಮುದಿಯಾದಾಗ ಬುಡದಿಂದ ಆರಿಂಚು ಬಿಟ್ಟು ಕಡಿದು ಎರಡು ಹಿಡಿ ಗೊಬ್ಬರ ಕೊಟ್ಟರೆ ಮತ್ತೊಂದು ಫಸಲು ಬರುತ್ತದೆ. ಮೈಸೂರಿನ ಈರನಗೆರೆ, ಉಡುಪಿಯ ಮಟ್ಟು ಗುಳ್ಳದಂಥ ನಾಟಿ ತಳಿಗಳ ಬೀಜ ಸಿಕ್ಕರೆ ಒಂದೊಂದು ಗಿಡ ಹಾಕಿ, ಮಾರುಕಟ್ಟೆಯ ಬದನೆಯಲ್ಲಿ ಆ ರುಚಿ ಇಲ್ಲ.

ಬೆಂಡೆಯನ್ನು ಸಸಿ ಮಾಡಿ ಕೀಳಬೇಡಿ, ತಾಯಿಬೇರು ಮುರಿದರೆ ಏಳುವುದಿಲ್ಲ. ಬೀಜ ರಾತ್ರಿ ನೆನೆಸಿ ನೇರವಾಗಿ ಬ್ಯಾಗಿಗೆ ಎರಡೆರಡು ಊರಿ, ಬಲವಾದ ಒಂದನ್ನು ಉಳಿಸಿ. 45–50 ದಿನಕ್ಕೆ ಕಾಯಿ. ನಾಲ್ವರ ಮನೆಗೆ ಒಂದೆರಡು ಗಿಡ ಎಲ್ಲಿಗೂ ಸಾಲದು, ಕನಿಷ್ಠ ಹತ್ತು ಬೇಕು. ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ, ಗಿಡವೂ ಹೊಸ ಹೂ ಬಿಡುವುದನ್ನು ನಿಲ್ಲಿಸುತ್ತದೆ.

ಬಳ್ಳಿಗಳಿಗೆ 40–50 ಲೀಟರಿನ ಡ್ರಮ್ ಮತ್ತು ಚಪ್ಪರ ಬೇಕು. ಹೀರೆ, ಸೋರೆ, ಹಾಗಲದಲ್ಲಿ ಮೊದಲು ಬರುವುದು ಗಂಡುಹೂ, ಅವು ಉದುರಿದರೆ ಚಿಂತೆ ಬೇಡ. ಹೆಣ್ಣುಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಅದು ಹಳದಿಯಾಗಿ ಉದುರಿದರೆ ಪರಾಗಸ್ಪರ್ಶ ಆಗಿಲ್ಲ. ನಾಲ್ಕನೇ ಮಹಡಿಗೆ ದುಂಬಿ ಬಾರದಿದ್ದರೆ ಗಂಡುಹೂ ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವಿಗೆ ನೀವೇ ಒತ್ತಬೇಕು. ಹಾಗಲ, ಕುಂಬಳಕ್ಕೆ ಬೆಳಗಿನ ಹೊತ್ತು. ಹೀರೆ, ಸೋರೆಗೆ ಸಂಜೆ, ಅವುಗಳ ಹೂ ಅರಳುವುದೇ ಆಗ. ಎಳೆಗಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಮೊಟ್ಟೆಯಿಡುವುದು ತಪ್ಪುತ್ತದೆ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ಪೆನ್ಸಿಲ್ ದಪ್ಪದ ತುಂಡು ತನ್ನಿ.

ಅವರೆಯ ವಿಷಯದಲ್ಲಿ ಬಿತ್ತುವ ತಿಂಗಳೇ ಎಲ್ಲ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಜುಲೈ–ಆಗಸ್ಟಿನಲ್ಲಿ ಹಾಕಿದರೆ ಡಿಸೆಂಬರಿಗೆ ಸೊಗಡು ತುಂಬಿದ ಕಾಯಿ, ಜನವರಿಯಲ್ಲಿ ಹಾಕಿದರೆ ಬರೀ ಬಳ್ಳಿ. ಬೇರೆ ಕಾಲಕ್ಕೂ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಅಥವಾ 4 ಹಾಕಿ. ಅವು ಹಗಲಿನ ಉದ್ದ ನೋಡುವುದಿಲ್ಲ, ಗಿಡ್ಡಗೆ ನಿಲ್ಲುತ್ತವೆ, ಆದರೆ ಸೊಗಡು ನಾಟಿಯಷ್ಟಿಲ್ಲ.

ಎಲೆಕೋಸು, ಹೂಕೋಸು ಬೇಡವೆನ್ನುತ್ತೇವೆ. ಒಂದು ಗಡ್ಡೆಗಾಗಿ ಒಂದು ಬ್ಯಾಗು ಮೂರು ತಿಂಗಳು ಕೂರುತ್ತದೆ, ಅಷ್ಟರಲ್ಲಿ ಮೂರು ಸಲ ಹರಿವೆ ಕೊಯ್ಯಬಹುದು.

ನೀರು, ಬೇಸಿಗೆ, ಮಳೆ

ಗಡಿಯಾರ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ, ಹಾಕಿದರೆ ತಳದಿಂದ ನಾಲ್ಕು ಹನಿ ಬರುವ ತನಕ. ತುಂಬಿದ ಟೊಮೆಟೊ ಗಿಡ ಏಪ್ರಿಲಿನಲ್ಲಿ ದಿನಕ್ಕೆ 2 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಮಣ್ಣಿನ ಮೇಲೆ 2 ಇಂಚು ಒಣ ಎಲೆ, ತೆಂಗಿನ ಸಿಪ್ಪೆಯ ನಾರು ಅಥವಾ ಕಬ್ಬಿನ ತರಗು ಹೊದಿಸಿದರೆ ಇದು ಗಮನಾರ್ಹವಾಗಿ ಇಳಿಯುತ್ತದೆ. ಮಾರ್ಚಿನಿಂದ ಮೇವರೆಗೆ ಸೊಪ್ಪಿನ ಮೇಲೆ ಶೇ 50ರ ಹಸಿರು ಶೇಡ್ ನೆಟ್ ಕಟ್ಟಿ, ಮಳೆ ಶುರುವಾದೊಡನೆ ಬಿಚ್ಚಿ. ಬಿಚ್ಚದಿದ್ದರೆ ಮೋಡದ ದಿನಗಳಲ್ಲಿ ಗಿಡ ಸಣಕಲಾಗುತ್ತದೆ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಒಳ್ಳೆಯದು. ಸೋಪಿನ ನೀರು ಬೇಡ. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪು ದಟ್ಟವಾಗಿರುತ್ತದೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೂ ಹೆಚ್ಚು. ಅದನ್ನೇ ದಿನವೂ ಹಾಕಿದರೆ ಕೆಲವೇ ತಿಂಗಳಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ, ಎಲೆಯ ತುದಿಯಲ್ಲಿ ಸುಟ್ಟ ಗುರುತು. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಮಳೆನೀರು ಹಿಡಿದರೆ ಈ ತೊಂದರೆಯೇ ಇಲ್ಲ: 10 ಚದರ ಮೀಟರ್ ತಾರಸಿಗೆ 20 ಮಿ.ಮೀ. ಮಳೆ ಬಿದ್ದರೆ 200 ಲೀಟರ್ ಡ್ರಮ್ ತುಂಬುತ್ತದೆ. ಡ್ರಮ್ಮಿನ ಬಾಯಿಗೆ ಸೊಳ್ಳೆಪರದೆ ಬಿಗಿಯಾಗಿ ಕಟ್ಟಿ, ಕುಂಡದಡಿಯ ತಟ್ಟೆಗಳನ್ನು ವಾರದೊಳಗೆ ಖಾಲಿ ಮಾಡಿ. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರು ಸಾಕು.

ಮೇಲುಗೊಬ್ಬರ ಮತ್ತು ಹುಳು

ಕಾಯಿ ಗಿಡಗಳಿಗೆ 15 ದಿನಕ್ಕೊಮ್ಮೆ ಒಂದು ಹಿಡಿ ಗೊಬ್ಬರ. ಹೂ ಶುರುವಾದಾಗ ಕಡಲೆಕಾಯಿ ಹಿಂಡಿ: 100 ಗ್ರಾಂ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, 10 ಲೀಟರಿಗೆ ತೆಳುಮಾಡಿ ಗಿಡಕ್ಕೆ ಅರ್ಧ ಲೀಟರ್. ಸಗಣಿ–ಗಂಜಲ ಸಿಗುವವರು ಜೀವಾಮೃತ ಮಾಡಬಹುದು: 10 ಲೀಟರ್ ನೀರು, ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, ತಲಾ 100 ಗ್ರಾಂ ಬೆಲ್ಲ ಮತ್ತು ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ, ಮೂರನೇ ದಿನದಿಂದ ವಾರದೊಳಗೆ ಬಳಸಿ. ಕುಂಡಕ್ಕೆ ಹತ್ತರಷ್ಟು ನೀರು ಬೆರೆಸಿಯೇ ಹಾಕಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಒಂದೆಲಗದ ಎಲೆಯ ಮೇಲೆ ಇದನ್ನು ಸಿಂಪಡಿಸಬೇಡಿ, ಸಗಣಿಯ ರೋಗಾಣು ಊಟದ ತಟ್ಟೆಗೆ ಬರುತ್ತದೆ. ಗಿಡ ಕಡುಹಸಿರಾಗಿ ಹುಲುಸಾಗಿ ಬೆಳೆದು ಹೂವೇ ಇಲ್ಲದಿದ್ದರೆ ಸಾರಜನಕ ಹೆಚ್ಚಾಗಿದೆ. ಹಿಂಡಿ ನಿಲ್ಲಿಸಿ, ಒಂದು ಚಮಚ ಸೌದೆಯ ಬೂದಿ ಕೊಡಿ.

ಹುಳುವಿಗೆ ಮೊದಲ ಮದ್ದು ದಿನಕ್ಕೆ ಹತ್ತು ನಿಮಿಷ ಎಲೆ ತಿರುಗಿಸಿ ನೋಡುವುದು. ಸಸ್ಯಹೇನು, ಹಿಟ್ಟುತಿಗಣೆ ಕಂಡರೆ ಜೋರಾಗಿ ನೀರು ಚಿಮ್ಮಿಸಿ ಉದುರಿಸಿ, ಅವನ್ನು ಹೊತ್ತು ತರುವ ಇರುವೆಯ ಸಾಲನ್ನು ಸ್ಟ್ಯಾಂಡಿನ ಕಾಲಿನಲ್ಲೇ ತಡೆಯಿರಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಪಾತ್ರೆ ಸೋಪಿನ ದ್ರವ. ಸೋಪನ್ನೇ ಮೊದಲು ಎಣ್ಣೆಗೆ ಬೆರೆಸಬೇಕು, ಇಲ್ಲದಿದ್ದರೆ ಎಣ್ಣೆ ತೇಲಿ ಒಂದೇ ಎಲೆ ಸುಟ್ಟೀತು. ಸಂಜೆ, ಎಲೆಯ ಅಡಿಭಾಗಕ್ಕೆ, ವಾರಕ್ಕೊಮ್ಮೆಯಂತೆ ಮೂರು ವಾರ. ಬಿಳಿನೊಣಕ್ಕೆ ಹಳದಿ ಅಂಟುಹಾಳೆ ತೂಗುಹಾಕಿ. ಮಳೆಗಾಲದಲ್ಲಿ ದೈತ್ಯ ಬಸವನಹುಳು ಬರುತ್ತದೆ: ರಾತ್ರಿ ಪಪ್ಪಾಯ ಸಿಪ್ಪೆಯೋ ಎಲೆಕೋಸಿನ ಎಲೆಯೋ ಇಟ್ಟು, ಬೆಳಿಗ್ಗೆ ಅದರಡಿ ಸೇರಿದವನ್ನು ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರಿಗೆ ರೋಗ ತರುವ ಪರೋಪಜೀವಿ ಇರಬಹುದು. ಪಾರಿವಾಳ, ಮಂಗಕ್ಕೆ ಬಲೆಯೊಂದೇ ಉಪಾಯ.

ಬೀಜ ಉಳಿಸುವುದು, ಮಣ್ಣು ಮರುಬಳಸುವುದು

ಅವರೆ, ಅಲಸಂದೆ, ಮೆಂತ್ಯ, ನಾಟಿ ಟೊಮೆಟೊ ಬೀಜವನ್ನು ಮನೆಯಲ್ಲೇ ಉಳಿಸಬಹುದು. ಟೊಮೆಟೊ ಬೀಜವನ್ನು ಲೋಳೆ ಸಮೇತ ಲೋಟದಲ್ಲಿ ಎರಡು ದಿನ ಹುಳಿಯಲು ಬಿಟ್ಟು, ತೊಳೆದು, ತಳಕ್ಕಿಳಿದದ್ದನ್ನು ಮಾತ್ರ ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿಡಿ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಬೀಜ ಉಳಿಸಿದರೆ ಮುಂದಿನ ಗಿಡಗಳು ಒಂದೊಂದು ಒಂದೊಂದು ತರ ಆಗುತ್ತವೆ. ಸುತ್ತಮುತ್ತ ಬೇರೆ ತಳಿಯ ಸೋರೆ, ಕುಂಬಳ ಇದ್ದರೆ ಅವುಗಳ ಬೀಜವೂ ಬೆರಕೆಯಾಗುತ್ತದೆ. ಬೀಜ, ಸಸಿ ಬದಲಾಯಿಸಿಕೊಳ್ಳಲು ಬೆಂಗಳೂರಿನಲ್ಲಿ ದಾರಿಗಳಿವೆ. ಇಲ್ಲಿ ತಾರಸಿ ತೋಟವನ್ನು ಜನರ ನಡುವೆ ಹಬ್ಬಿಸಿದವರಲ್ಲಿ ಮುಖ್ಯರು ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್. ಅವರ ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ ನಡೆಸಿಕೊಂಡು ಬಂದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳಲ್ಲಿ ಬೀಜದ ಜೊತೆಗೆ ಅನುಭವವೂ ಕೈಬದಲಾಗುತ್ತದೆ.

ಒಂದು ಬೆಳೆ ಮುಗಿದ ಬ್ಯಾಗಿನ ಮಣ್ಣನ್ನು ಎಸೆಯಬೇಡಿ. ಗಿಡವನ್ನು ಬುಡದಲ್ಲಿ ಕತ್ತರಿಸಿ, ಮಣ್ಣನ್ನು ಹಾಳೆಯ ಮೇಲೆ ಸುರಿದು ದಪ್ಪ ಬೇರು, ಗೊಣ್ಣೆಹುಳು ಆರಿಸಿ. ಬೇರಿನಲ್ಲಿ ಮಣಿಯಂಥ ಗಂಟುಗಳಿದ್ದರೆ ಜಂತುಹುಳುವಿನ, ಅಂದರೆ ಬೇರಿನೊಳಗೆ ಸೇರುವ ಕಣ್ಣಿಗೆ ಕಾಣದ ನೆಮಟೋಡಿನ ಬಾಧೆ. (ಅವರೆ, ಅಲಸಂದೆಯ ಬೇರಿನ ಮೇಲೆ ಉಜ್ಜಿದರೆ ಸುಲಭವಾಗಿ ಬಿಟ್ಟುಬರುವ ಗುಳ್ಳೆಗಳು ಬೇರೆ. ಅವು ಸಾರಜನಕ ಹಿಡಿಯುವ ಒಳ್ಳೆಯ ಗಂಟುಗಳು.) ಬಾಧೆ ಇದ್ದ ಮಣ್ಣನ್ನು ತೇವಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಏಪ್ರಿಲ್–ಮೇ ಬಿಸಿಲಿಗೆ ನಾಲ್ಕು ವಾರ ಹಾಕಿ, ಆಮೇಲೆ ಅದರಲ್ಲಿ ಚೆಂಡುಹೂ ಬೆಳೆಯಿರಿ. ಆರೋಗ್ಯದ ಮಣ್ಣಿಗೆ ಮೂರು ದಿನದ ಬಿಸಿಲು ಸಾಕು. ನಂತರ ಮೂರು ಪಾಲು ಹಳೆ ಮಣ್ಣಿಗೆ ಒಂದು ಪಾಲು ಹೊಸ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿ. ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಟುಂಬದವು, ರೋಗವೂ ಒಂದೇ. ಅವು ಬೆಳೆದ ಬ್ಯಾಗಿಗೆ ಮುಂದಿನ ಸಲ ಅಲಸಂದೆ, ಅದಾದ ಮೇಲೆ ಸೊಪ್ಪು ಹಾಕಿ. ಯಾವ ಬ್ಯಾಗಿನಲ್ಲಿ ಯಾವಾಗ ಏನಿತ್ತೆಂದು ಬ್ಯಾಗಿನ ಮೇಲೆಯೇ ಪೇಂಟ್ ಮಾರ್ಕರಿನಿಂದ ಬರೆದಿಡಿ.